ಏಳು ಮತ್ತು ಒಂದರ ಲೆಕ್ಕ

2023ರ ಅಕ್ಟೋಬರ್ 28, ಪ್ಯಾರಿಸ್. ರಗ್ಬಿ ವಿಶ್ವಕಪ್ ಫೈನಲ್ ಶುರುವಾಗಿ ಇನ್ನೂ ಬೆವರು ಕೂಡ ಸರಿಯಾಗಿ ಬಂದಿರಲಿಲ್ಲ, ಮೂರನೇ ನಿಮಿಷಕ್ಕೇ ದಕ್ಷಿಣ ಆಫ್ರಿಕಾದ ಬೊಂಗಿ ಎಂಬೊನಾಂಬಿ ಮೊಣಕಾಲು ಹಿಡಿದುಕೊಂಡು ಹೊರನಡೆದರು. ನ್ಯೂಜಿಲೆಂಡಿನ ಶಾನನ್ ಫ್ರಿಜೆಲ್ ಅವರ ಕಾಲಿನ ಮೇಲೆ ಬಿದ್ದಿದ್ದರು. ಫ್ರಿಜೆಲ್‌ಗೆ ಹಳದಿ ಕಾರ್ಡು, ಹತ್ತು ನಿಮಿಷದ ಶಿಕ್ಷೆ. ಎಂಬೊನಾಂಬಿ ಮತ್ತೆ ಮೈದಾನಕ್ಕೆ ಇಳಿಯಲೇ ಇಲ್ಲ.

ಬದಲಿಗೆ ಬಂದವರು ಡಿಯಾನ್ ಫೌರಿ. ವಯಸ್ಸು 37. ದೇಶಕ್ಕೆ ಮೊದಲ ಸಲ ಆಡಿದ್ದೇ 35ನೇ ವಯಸ್ಸಿನಲ್ಲಿ, ಅದಕ್ಕೆ ಹಿಂದಿನ ವರ್ಷ. ಚಿಕ್ಕವರಿದ್ದಾಗ ಎಂಬೊನಾಂಬಿಯ ಜಾಗವಾದ ಹೂಕರ್ ಆಗಿ, ಅಂದರೆ ಸ್ಕ್ರಮ್ ಎಂಬ ತಳ್ಳಾಟದ ಮುಂಸಾಲಿನ ನಡುವಿನವರಾಗಿ ಆಡಿದ್ದರು, ನಿಜ. ಆಮೇಲೆ ಆ ಕೆಲಸ ಬಿಟ್ಟು ಸ್ಕ್ರಮ್‌ನ ಅಂಚಿನಲ್ಲಿ ನಿಲ್ಲುವ ಫ್ಲ್ಯಾಂಕರ್ ಆಗಿದ್ದರು. ಈಗ ವಿಶ್ವಕಪ್ ಫೈನಲ್‌ನಲ್ಲಿ, ಆಲ್ ಬ್ಲ್ಯಾಕ್ಸ್ ಎಂದೇ ಕರೆಸಿಕೊಳ್ಳುವ ನ್ಯೂಜಿಲೆಂಡ್ ಎದುರು, ಹತ್ತಿರ ಹತ್ತಿರ ಎಂಬತ್ತು ನಿಮಿಷ ಹೂಕರ್ ಕೆಲಸ ಅವರದೇ. ಇವರಿಗೂ ಏಟು ಬಿದ್ದರೆ? ಬೆಂಚಿನಲ್ಲಿ ಮತ್ತೊಬ್ಬ ಹೂಕರ್ ಇರಲಿಲ್ಲ.

ನಮ್ಮಲ್ಲಿ ಆಗ ರಾತ್ರಿ ಹನ್ನೆರಡೂವರೆ ದಾಟಿತ್ತು. ನಿದ್ದೆಗೆಟ್ಟು ಕೂತಿದ್ದ ನನಗೆ ಮೊದಲು ಅನ್ನಿಸಿದ್ದು ಒಂದೇ. ಇದು ಬರೀ ದುರದೃಷ್ಟ ಅಲ್ಲ. ಇಂಥದ್ದೊಂದು ಆಗಬಹುದು ಅಂತ ಗೊತ್ತಿದ್ದೂ ಒಂದೂವರೆ ತಿಂಗಳ ಹಿಂದೆ ದಕ್ಷಿಣ ಆಫ್ರಿಕಾದ ಕೋಚ್‌ಗಳು ಬೇಕಂತಲೇ ಹಾಗೆ ಆರಿಸಿದ್ದರು.

ಅದನ್ನು ಹೇಳುವ ಮೊದಲು, ರಗ್ಬಿ ನೋಡದವರಿಗೆ ಒಂದಿಷ್ಟು ಲೆಕ್ಕ. ಮೈದಾನದಲ್ಲಿ ಹದಿನೈದು ಜನ. ಅದರಲ್ಲಿ ಎಂಟು ಜನ ಫಾರ್ವರ್ಡ್‌ಗಳು, ಏಳು ಜನ ಬ್ಯಾಕ್‌ಗಳು. ಫಾರ್ವರ್ಡ್‌ಗಳದ್ದು ಗುದ್ದಾಟದ ಕೆಲಸ. ಸ್ಕ್ರಮ್‌ನಲ್ಲಿ ತಲೆ ಕೊಟ್ಟು ತಳ್ಳಬೇಕು, ಹೊರಹೋದ ಚೆಂಡನ್ನು ಅಂಚಿನಿಂದ ಎಸೆಯುವ ಲೈನ್‌ಔಟ್‌ನಲ್ಲಿ ಜೊತೆಯವನನ್ನು ಮೇಲಕ್ಕೆತ್ತಬೇಕು, ಚೆಂಡಿನ ಮೇಲೆ ಬಿದ್ದವರನ್ನು ಕಿತ್ತು ಪಕ್ಕಕ್ಕೆ ಸರಿಸಬೇಕು. ಬ್ಯಾಕ್‌ಗಳದ್ದು ಓಟ, ಒದೆ, ಪಾಸು. ಹೊರಗೆ ಬದಲಿ ಆಟಗಾರರು ಎಂಟು ಜನ, 16ರಿಂದ 23ನೇ ನಂಬರಿನ ಅಂಗಿ. ಈ ಎಂಟರಲ್ಲಿ ಐದು ಫಾರ್ವರ್ಡ್, ಮೂರು ಬ್ಯಾಕ್ ಅನ್ನುವುದು ಬಹುಕಾಲದ ರೂಢಿ. ಸ್ಕ್ರಮ್‌ನ ಮುಂಸಾಲಿನ ಮೂವರಿಗೆ, ಅಂದರೆ ಇಬ್ಬರು ಪ್ರಾಪ್ ಮತ್ತು ನಡುವಿನ ಹೂಕರ್‌ಗೆ, ಪಳಗಿದ ಬದಲಿಗಳು ಇರಲೇಬೇಕು ಅಂತ ನಿಯಮ. ಕತ್ತಿನ ಮೇಲೆ ಬೀಳುವ ಭಾರ ಅಷ್ಟಿರುತ್ತದೆ. ಹಾಗಾಗಿ ಮೂರು ಜಾಗ ಮೊದಲೇ ಹೋಯಿತು. ಉಳಿದ ಐದರಲ್ಲಿ ಏನು ಬೇಕಾದರೂ ಮಾಡಿಕೊಳ್ಳಿ ಅಂತ ನಿಯಮ ಸುಮ್ಮನಾಗುತ್ತದೆ.

ಎಲ್ಲರೂ ಆ ಐದು ಜಾಗವನ್ನು ವಿಮೆ ಥರ ಬಳಸುತ್ತಿದ್ದರು. ಯಾರಿಗೆ ಏಟಾದರೂ ಒಬ್ಬ ಇರಲಿ ಅಂತ. ಇತಿಹಾಸವೂ ಹಾಗೇ ಇದೆ. 1968ರವರೆಗೆ ಅಂತರರಾಷ್ಟ್ರೀಯ ಪಂದ್ಯದಲ್ಲಿ ಬದಲಿ ಅನ್ನುವುದೇ ಇರಲಿಲ್ಲ, ಏಟಾದರೆ ತಂಡ ಹದಿನಾಲ್ಕು ಜನರಲ್ಲೇ ಆಡಬೇಕಿತ್ತು. ಆ ವರ್ಷ ದಕ್ಷಿಣ ಆಫ್ರಿಕಾದಲ್ಲೇ ಲಯನ್ಸ್, ಅಂದರೆ ಬ್ರಿಟನ್-ಐರ್ಲೆಂಡಿನ ಜಂಟಿ ತಂಡದ ಬ್ಯಾರಿ ಜಾನ್ ಗಾಯಗೊಂಡಾಗ ಮೈಕ್ ಗಿಬ್ಸನ್ ಬದಲಿಯಾಗಿ ಇಳಿದರು. ಗಾಯವಿಲ್ಲದೆ, ಬರೀ ತಂತ್ರಕ್ಕಾಗಿ ಆಟಗಾರನನ್ನು ಬದಲಿಸಲು ಅನುಮತಿ ಸಿಕ್ಕಿದ್ದು 1996ರಲ್ಲಿ. ನಿಯಮ ಬದಲಾದರೂ ತಲೆ ಬದಲಾಗಿರಲಿಲ್ಲ. ಕ್ರಿಕೆಟ್‌ನಲ್ಲಿ ಹನ್ನೆರಡನೆಯವನು ನೀರು ಹೊರುತ್ತಾನಲ್ಲ, ಬೆಂಚು ಅಂದರೆ ಇಲ್ಲೂ ಸ್ವಲ್ಪ ಹಾಗೇ. ಹದಿನೈದರಲ್ಲಿ ಜಾಗ ಸಿಗದವರು ಕೂರುವ ಕಡೆ.

ಈ ತಲೆಯನ್ನು ತಿರುಗಿಸಿದವರು ದಕ್ಷಿಣ ಆಫ್ರಿಕಾದ ಕೋಚ್ ರಾಸಿ ಎರಾಸ್ಮಸ್. ಇವರೂ ಹಿಂದೆ ಫಾರ್ವರ್ಡ್, ದೇಶಕ್ಕೆ 36 ಟೆಸ್ಟ್ ಆಡಿದವರು. ಇವರು ತಂಡ ವಹಿಸಿಕೊಂಡದ್ದು ಸ್ಪ್ರಿಂಗ್‌ಬಾಕ್ಸ್ ಎಂದು ಕರೆಸಿಕೊಳ್ಳುವ ಆ ತಂಡ ತೀರಾ ನೆಲಕಚ್ಚಿದ್ದ ಹೊತ್ತಿನಲ್ಲಿ. 2017ರ ಸೆಪ್ಟೆಂಬರ್‌ನಲ್ಲಿ ನ್ಯೂಜಿಲೆಂಡ್ ಎದುರು 57-0 ಸೋಲು. ಒಂದು ಪಾಯಿಂಟೂ ಇಲ್ಲ. ಅಂಥ ತಂಡವನ್ನು 2018ರಲ್ಲಿ ಕೈಗೆತ್ತಿಕೊಂಡು ಸಿಯಾ ಕೊಲಿಸಿಯನ್ನು ನಾಯಕನನ್ನಾಗಿ ಮಾಡಿದರು. ದಕ್ಷಿಣ ಆಫ್ರಿಕಾದ ಟೆಸ್ಟ್ ತಂಡಕ್ಕೆ ಮೊದಲ ಕಪ್ಪು ವರ್ಣದ ನಾಯಕ. ಮರುವರ್ಷವೇ ಜಪಾನಿನಲ್ಲಿ ವಿಶ್ವಕಪ್ ಎತ್ತಿದರು.

ಜಪಾನಿನಲ್ಲಿ ಅವರು ಬೆಂಚನ್ನು ಆರು-ಎರಡು ಮಾಡಿದ್ದರು. ಆರು ಫಾರ್ವರ್ಡ್, ಎರಡೇ ಬ್ಯಾಕ್. ಆ ಆರು ಜನಕ್ಕೆ ಬಾಂಬ್ ಸ್ಕ್ವಾಡ್ ಅಂತ ಹೆಸರು ಬಿತ್ತು. ಸಂಖ್ಯೆಯ ಬಗ್ಗೆ ಎಲ್ಲರೂ ಬರೆದರು. ನನಗೆ ಮಾತ್ರ ಹೆಸರುಗಳು ಜಾಸ್ತಿ ಮುಖ್ಯ ಅನ್ನಿಸುತ್ತವೆ. ಫೈನಲ್‌ಗೆ ಹೊರಗೆ ಕೂತವರು ಯಾರು ನೋಡಿ. ಮ್ಯಾಲ್ಕಮ್ ಮಾರ್ಕ್ಸ್, ಜಗತ್ತಿನ ಅತ್ಯುತ್ತಮ ಹೂಕರ್‌ಗಳಲ್ಲಿ ಒಬ್ಬರು. ಸ್ಟೀವನ್ ಕಿಟ್ಸ್‌ಹಾಫ್, ಬೇರೆ ಯಾವ ದೇಶದಲ್ಲಿದ್ದರೂ ಕಣ್ಣು ಮುಚ್ಚಿ ಮೊದಲ ಹದಿನೈದರಲ್ಲಿ ಹಾಕಿಕೊಳ್ಳುವಂಥ ಪ್ರಾಪ್. ಎರಡು ಮೀಟರ್ ದಾಟುವ ಆರ್‌ಜಿ ಸ್ನೈಮನ್. ಇವರನ್ನು ಹೊರಗಿಟ್ಟದ್ದು ಕಡಿಮೆ ಅಂತ ಅಲ್ಲ. ಎದುರಾಳಿಯ ಕಾಲು ಸೋತ ಹೊತ್ತಿಗೆ ಬೇಕು ಅಂತ ಎತ್ತಿಟ್ಟದ್ದು.

ಸುಮ್ನೆ ಯೋಚನೆ ಮಾಡಿ. ಒಬ್ಬ ದೊಡ್ಡ ಆಟಗಾರನಿಗೆ ನೀನು ಆರಂಭದಲ್ಲಿ ಆಡಲ್ಲ ಅಂತ ಹೇಳಿ, ಅವನ ಮುಖ ಸಪ್ಪಗಾಗದ ಹಾಗೆ ನೋಡಿಕೊಳ್ಳುವುದು ಎಷ್ಟು ಕಷ್ಟ. ಎಂಟು ಜನರ ಪಟ್ಟಿಯಲ್ಲಿ ಆರು, ಏಳು ಅಂತ ಬರೆಯಲು ಒಂದು ನಿಮಿಷ ಸಾಕು. ಹದಿನೈದು ಅಲ್ಲ, ಇಪ್ಪತ್ಮೂರು ಜನ ನಮ್ಮ ತಂಡ ಅನ್ನುವುದನ್ನು ಆ ಇಪ್ಪತ್ಮೂರು ಜನರೇ ನಂಬುವಂತೆ ಮಾಡಲು ವರ್ಷಗಟ್ಟಲೆ ಬೇಕು. ಹೆಸರೇ ಅರ್ಧ ಕೆಲಸ ಮಾಡಿತೇನೋ. ಬದಲಿ ಆಟಗಾರ ಅನ್ನಿಸಿಕೊಳ್ಳುವುದಕ್ಕೂ ಬಾಂಬ್ ಸ್ಕ್ವಾಡ್ ಅನ್ನಿಸಿಕೊಳ್ಳುವುದಕ್ಕೂ ವ್ಯತ್ಯಾಸ ಇದೆ ಅಲ್ವಾ.

ಯೊಕೊಹಾಮಾದ ಆ ಫೈನಲ್‌ನಲ್ಲಿ ಇಂಗ್ಲೆಂಡಿನ ಪ್ರಾಪ್ ಕೈಲ್ ಸಿಂಕ್ಲರ್ ಮೂರನೇ ನಿಮಿಷಕ್ಕೇ ತಲೆಗೆ ಏಟು ಬಿದ್ದು ಹೊರಹೋದರು. ಬದಲಿಗೆ ಬಂದ ಡ್ಯಾನ್ ಕೋಲ್ ಮಿಕ್ಕ ಆಟವನ್ನೆಲ್ಲ ಒಬ್ಬರೇ ತಳ್ಳಬೇಕಾಯಿತು. ಮೊದಲು ಬೀಸ್ಟ್ ಎಂದೇ ಕರೆಸಿಕೊಳ್ಳುವ ದಕ್ಷಿಣ ಆಫ್ರಿಕಾದ ಟೆಂಡಾಯ್ ಮಟಾವರಿರಾ ಈ ಕೋಲ್ ಅವರನ್ನು ಅರೆದರು. ದಣಿವಾಗುವ ಹೊತ್ತಿಗೆ ಕಿಟ್ಸ್‌ಹಾಫ್ ಹೊಸದಾಗಿ ಬಂದು ಮತ್ತೆ ಅರೆದರು. ಸ್ಕ್ರಮ್ ಮೇಲೆ ಸ್ಕ್ರಮ್, ಪೆನಾಲ್ಟಿ ಮೇಲೆ ಪೆನಾಲ್ಟಿ. ಹ್ಯಾಂಡ್ರೆ ಪೊಲಾರ್ಡ್ ಒಬ್ಬರೇ 22 ಪಾಯಿಂಟ್ ಒದ್ದರು. 32-12.

ಏಳು-ಒಂದು ಬಂದದ್ದು ಮಾತ್ರ ಅರ್ಧ ಆಕಸ್ಮಿಕವಾಗಿ. 2023ರ ಆಗಸ್ಟ್ 25, ನ್ಯೂಜಿಲೆಂಡ್ ಎದುರು ವಿಶ್ವಕಪ್‌ಗೆ ಮುಂಚಿನ ಅಭ್ಯಾಸ ಪಂದ್ಯ, ಲಂಡನ್ನಿನ ಟ್ವಿಕನಮ್. ಬೆಂಚಿನಲ್ಲಿದ್ದ ವಿಲ್ಲಿ ಲ ರೂ ಕೊನೇ ಗಳಿಗೆಯಲ್ಲಿ ಆಡದಂತಾಯಿತು. ಆ ಜಾಗಕ್ಕೆ ಇನ್ನೊಬ್ಬ ಬ್ಯಾಕ್ ತರುವುದು ಲೋಕರೂಢಿ. ಇವರು ಕ್ವಾಗಾ ಸ್ಮಿತ್ ಎಂಬ ಫಾರ್ವರ್ಡನ್ನು ಕೂರಿಸಿದರು. ಬೆಂಚಿನಲ್ಲಿ ಏಳು ಫಾರ್ವರ್ಡ್, ಒಬ್ಬನೇ ಬ್ಯಾಕ್. ಪಂದ್ಯ 35-7. ನ್ಯೂಜಿಲೆಂಡ್ ತನ್ನ ಇತಿಹಾಸದಲ್ಲೇ ಅಷ್ಟು ದೊಡ್ಡ ಅಂತರದಲ್ಲಿ ಅದುವರೆಗೆ ಸೋತಿರಲಿಲ್ಲ. ಅವರ ಸ್ಕಾಟ್ ಬ್ಯಾರೆಟ್ ಎರಡು ಹಳದಿ ಕಾರ್ಡು ಪಡೆದು ಮೊದಲಾರ್ಧದಲ್ಲೇ ಹೊರಹೋದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಇಲ್ಲದಿದ್ದರೆ ಆ ಅಂಕಿ ಮೋಸ ಮಾಡುತ್ತದೆ.

ಒಂದು ತಿಂಗಳ ನಂತರ ವಿಶ್ವಕಪ್‌ನ ಗುಂಪು ಹಂತದಲ್ಲಿ ಐರ್ಲೆಂಡ್ ಎದುರು ಇದನ್ನೇ ಬೇಕಂತ ಮಾಡಿದರು. ಒಬ್ಬ ಸ್ಕ್ರಮ್-ಹಾಫ್ (ಸ್ಕ್ರಮ್‌ನಿಂದ ಚೆಂಡೆತ್ತಿ ಬ್ಯಾಕ್‌ಗಳಿಗೆ ದಾಟಿಸುವವನು) ಬಿಟ್ಟರೆ ಬೆಂಚಿನಲ್ಲಿ ಬರೀ ಫಾರ್ವರ್ಡ್‌ಗಳು. ಆಗ ಶುರುವಾಯಿತು ಗದ್ದಲ. ಆಟದ ಧರ್ಮಕ್ಕೆ ಇದು ವಿರುದ್ಧ ಅಂತ ಕೆಲವರು. ದಣಿದವರ ಮೇಲೆ ಏಳು ಜನ ದೈತ್ಯರನ್ನು ಒಮ್ಮೆಲೇ ಬಿಟ್ಟರೆ ಕೈಕಾಲು ಮುರಿಯುವುದಿಲ್ಲವಾ ಅಂತ ಇನ್ನು ಕೆಲವರು. ಎರಡನೆಯ ಮಾತಿನಲ್ಲಿ ಹುರುಳಿದೆ. ಆದರೆ ಅದು ಏಳು-ಒಂದರ ಮೇಲಿನ ದೂರು ಅಲ್ಲ, ಎಂಟು ಬದಲಿ ಆಟಗಾರರನ್ನು ಕೊಟ್ಟ ನಿಯಮದ ಮೇಲಿನ ದೂರು. ಐದು ಜನ ತಾಜಾ ಫಾರ್ವರ್ಡ್‌ಗಳು ಬಂದರೂ ಗುದ್ದು ಗುದ್ದೇ. ಬದಲಿಗಳ ಸಂಖ್ಯೆಯನ್ನೇ ಇಳಿಸಿ ಅಂದರೆ ನಾನೂ ಕೈ ಎತ್ತುತ್ತೇನೆ. ಎಲ್ಲರಿಗೂ ಒಂದೇ ನಿಯಮ ಇದ್ದು ಒಬ್ಬ ಅದನ್ನು ಬೇರೆ ಥರ ಓದಿದ ಅಂತ ಮೂಗು ಮುರಿಯುವುದು ನನಗೆ ಒಪ್ಪಿಗೆಯಿಲ್ಲ.

ಅಂದಹಾಗೆ ಆ ಪಂದ್ಯ ಅವರು ಸೋತರು, 13-8. ಸೋತದ್ದು ಬೆಂಚಿನ ಲೆಕ್ಕ ತಪ್ಪಿ ಅಲ್ಲ, ಒದೆ ತಪ್ಪಿ. ಮಾನಿ ಲಿಬ್ಬೊಕ್ ಮತ್ತು ಫಾಫ್ ಡಿ ಕ್ಲರ್ಕ್ ಇಬ್ಬರೂ ಸೇರಿ ಕಂಬಗಳ ನಡುವೆ ಹಾಕಬೇಕಾಗಿದ್ದ 11 ಪಾಯಿಂಟ್ ಬಿಟ್ಟರು. ಐದು ಪಾಯಿಂಟ್ ಅಂತರದ ಸೋಲಿನಲ್ಲಿ ಹನ್ನೊಂದು ಅಂದರೆ ಹೊಟ್ಟೆ ಉರಿಯದೆ ಇರುತ್ತದಾ?

ಅಷ್ಟು ಹೊತ್ತಿಗೆ ಅವರು ಆ ಇನ್ನೊಂದು ತೀರ್ಮಾನ ಮಾಡಿಯಾಗಿತ್ತು. ನನ್ನ ಮಟ್ಟಿಗೆ ಏಳು-ಒಂದಕ್ಕಿಂತ ದೊಡ್ಡ ಜೂಜು ಅದು. ಸೆಪ್ಟೆಂಬರ್ ಮಧ್ಯದಲ್ಲಿ ಅಭ್ಯಾಸದ ವೇಳೆ ಮ್ಯಾಲ್ಕಮ್ ಮಾರ್ಕ್ಸ್ ಮಂಡಿಗೆ ಏಟಾಗಿ ವಿಶ್ವಕಪ್ಪೇ ಮುಗಿಯಿತು. 33 ಜನರ ತಂಡಕ್ಕೆ ಒಬ್ಬ ಬದಲಿಯನ್ನು ಕರೆಸಿಕೊಳ್ಳಬಹುದು. ಹೂಕರ್ ಹೋದರೆ ಹೂಕರ್ ಬರಬೇಕು, ಇದಕ್ಕೆ ಪಾಠ ಬೇಕಾ? ದಕ್ಷಿಣ ಆಫ್ರಿಕಾದಲ್ಲಿ ಹೂಕರ್‌ಗಳಿಗೆ ಬರವೂ ಇಲ್ಲ. ಅವರು ಕರೆಸಿದ್ದು ಹ್ಯಾಂಡ್ರೆ ಪೊಲಾರ್ಡ್ ಅವರನ್ನು. ಅಂದರೆ ಫ್ಲೈ-ಹಾಫ್, ಆಟ ನಡೆಸುವ, ಒದೆಯುವ ಬ್ಯಾಕ್. 2019ರ ಅದೇ 22 ಪಾಯಿಂಟಿನ ಪೊಲಾರ್ಡ್. ಮೀನಖಂಡದ ಗಾಯದಿಂದ ಮೂಲ ತಂಡದಲ್ಲಿ ಜಾಗ ಸಿಕ್ಕಿರಲಿಲ್ಲ.

ಈಗ ತಂಡದಲ್ಲಿ ಅಪ್ಪಟ ಹೂಕರ್ ಒಬ್ಬರೇ, ಎಂಬೊನಾಂಬಿ. ಅವರ ಹಿಂದೆ ಫೌರಿ ಮತ್ತು ಮಾರ್ಕೊ ಫಾನ್ ಸ್ಟಾಡೆನ್, ಇಬ್ಬರೂ ಬೇರೆ ಜಾಗದವರು, ಈ ಕೆಲಸವನ್ನೂ ಮಾಡಬಲ್ಲೆವು ಅಂದವರು. ಲೈನ್‌ಔಟ್‌ನಲ್ಲಿ ಚೆಂಡು ಎಸೆಯುವುದು ಹೂಕರ್. ಅಂಚಿನಿಂದ, ಎರಡು ಸಾಲುಗಳ ನಡುವೆ, ಗಾಳಿಯಲ್ಲಿ ಇನ್ನೂ ಏರುತ್ತಿರುವ ಒಬ್ಬನ ಕೈ ಎಲ್ಲಿ ಬರುತ್ತದೋ ಅಲ್ಲಿಗೆ ಚೆಂಡು ಹೋಗಬೇಕು. ಒಂದು ಗೇಣು ಹೆಚ್ಚು ಕಡಿಮೆಯಾದರೂ ಎದುರಾಳಿಯ ಪಾಲು. ಸಾವಿರಾರು ಸಲ ಎಸೆದು ಎಸೆದು ಬರುವ ಕೈ ಅದು. ಅದನ್ನು ನೆಚ್ಚಿಕೊಂಡು ನಿಂತ ತಂಡವೇ ಅದನ್ನು ಪಣಕ್ಕಿಟ್ಟಿತು. ಬದಲಿಗೆ ಕೊಂಡದ್ದು ಒಬ್ಬನ ಬಲಗಾಲು.

ಆಗ ತಂಡದ ಮುಖ್ಯ ಕೋಚ್ ಹೆಸರಿಗೆ ಜಾಕ್ ನೀನಾಬರ್, ಎರಾಸ್ಮಸ್ ಮೇಲಿನ ನಿರ್ದೇಶಕ ಹುದ್ದೆಯಲ್ಲಿದ್ದರು. ಇಬ್ಬರದೂ ಹಳೇ ಜೋಡಿ. ನೀನಾಬರ್ ಮೂಲತಃ ಫಿಸಿಯೋ. ಯಾರ ಮಂಡಿ ಎಷ್ಟು ನಿಮಿಷ ತಾಳುತ್ತದೆ ಅನ್ನುವುದನ್ನು ಬಲ್ಲವರು ಬೆಂಚಿನ ಲೆಕ್ಕ ಹಾಕಿದರೆ ಹೀಗೇ ಇರುತ್ತದೋ ಏನೋ. ಇದು ನನ್ನ ಊಹೆ ಅಷ್ಟೆ. ಆ ವಿಶ್ವಕಪ್‌ನಲ್ಲಿ ಇವರು ಕೋಚ್ ಕೋಣೆಯಿಂದ ಕೆಂಪು, ಹಳದಿ, ಹಸಿರು ದೀಪ ತೋರಿಸಿ ಸಂದೇಶ ಕಳಿಸುತ್ತಿದ್ದದ್ದೂ ಸುದ್ದಿಯಾಗಿತ್ತು. ವಿಚಿತ್ರ ಜನ.

ಇನ್ನು ಅವರು ಏಳು-ಒಂದನ್ನು ಹಿಡಿದ ಹಠ ಬಿಡದೆ ಆಡಿದರು ಅಂದುಕೊಂಡವರು ಪಟ್ಟಿ ತೆಗೆದು ನೋಡಬೇಕು. ಕ್ವಾರ್ಟರ್‌ಫೈನಲ್ ಫ್ರಾನ್ಸ್ ಎದುರು, ಸೆಮಿಫೈನಲ್ ಇಂಗ್ಲೆಂಡ್ ಎದುರು. ಎರಡಕ್ಕೂ ಬೆಂಚು ಹಳೇ ಸಂಪ್ರದಾಯದ ಐದು-ಮೂರು! ಎದುರಾಳಿ ನೋಡಿ, ಹವಾಮಾನ ನೋಡಿ, ಕೈಯಲ್ಲಿರುವವರನ್ನು ನೋಡಿ ಲೆಕ್ಕ ಬದಲಾಗುತ್ತಿತ್ತು. ರೊಮೇನಿಯಾ ಎದುರು ಒಂದೇ ಪಂದ್ಯದ ಇಪ್ಪತ್ಮೂರರಲ್ಲಿ ನಾಲ್ವರು ಸ್ಕ್ರಮ್-ಹಾಫ್‌ಗಳು, ಅವರಲ್ಲಿ ಒಬ್ಬ ಗ್ರಾಂಟ್ ವಿಲಿಯಮ್ಸ್ ವಿಂಗ್‌ನಲ್ಲಿ, ಅಂದರೆ ಮೈದಾನದ ಅಂಚಿನ ಬ್ಯಾಕ್ ಜಾಗದಲ್ಲಿ. ಗೆದ್ದರು, 76-0. ಸುಲಭದ ಪಂದ್ಯವನ್ನು ಪ್ರಯೋಗಶಾಲೆ ಮಾಡಿಕೊಂಡಿದ್ದರು.

ಸೆಮಿಫೈನಲ್‌ನಲ್ಲಿ ಮಳೆ. ಇಂಗ್ಲೆಂಡ್ ಚೆಂಡನ್ನು ಮೇಲಕ್ಕೆ ಒದ್ದು ಒದ್ದು ಇವರನ್ನು ಸುಸ್ತು ಮಾಡಿತು. 31ನೇ ನಿಮಿಷಕ್ಕೆ ಲಿಬ್ಬೊಕ್ ಅವರನ್ನು ಹೊರಗೆ ಕರೆದು ಪೊಲಾರ್ಡ್ ಅವರನ್ನು ಇಳಿಸಿದರು. ಅರ್ಧ ಆಟವೂ ಆಗಿರಲಿಲ್ಲ, ಗಾಯವೂ ಇರಲಿಲ್ಲ. ಜಗತ್ತೇ ನೋಡುತ್ತಿರುವಾಗ ಹುಡುಗನಿಗೆ ಎಷ್ಟು ಮುಜುಗರ. ಕ್ಯಾಮೆರಾ ಬೇರೆ ಅವರ ಮುಖದ ಮೇಲೇ. ನಮ್ಮ ಕಡೆಯ ಯಾವುದೇ ತಂಡದಲ್ಲಿ ಇಂಥದ್ದಾಗಿದ್ದರೆ ವಾರವಿಡೀ ಟೀವಿಯಲ್ಲಿ ಚರ್ಚೆ. ಅಲ್ಲಿ ಮುಂದಿನ ನಲವತ್ತೆಂಟು ನಿಮಿಷ ತಂಡ ಆಟವನ್ನು ಕಚ್ಚಿಕೊಂಡು ಕೂತಿತು. ಆಮೇಲೆ ಬಂದ ಬೆಂಚಿನ ಪ್ರಾಪ್ ಆಕ್ಸ್ ಎನ್‌ಚೆ ಸ್ಕ್ರಮ್‌ನಲ್ಲಿ ಇಂಗ್ಲೆಂಡನ್ನು ಹಿಂದಕ್ಕೆ ನೂಕಿದರು. ಬೆಂಚಿನ ಸ್ನೈಮನ್ ಎದುರಾಳಿಯ ಗೆರೆಯಾಚೆ ಚೆಂಡು ಊರಿ ಟ್ರೈ ಹೊಡೆದರು. ಸ್ಕ್ರಮ್‌ನಲ್ಲಿ ಸಿಕ್ಕ ಪೆನಾಲ್ಟಿಯನ್ನು ಬೆಂಚಿನ ಪೊಲಾರ್ಡ್ ಇನ್ನೇನು ಆಟ ಮುಗಿಯಿತು ಅನ್ನುವಾಗ ದೂರದಿಂದ ಒದ್ದರು. 16-15. ಹದಿನಾರರಲ್ಲಿ ಹದಿಮೂರು ಪಾಯಿಂಟ್ ಆರಂಭದಲ್ಲಿ ಆಡದವರಿಂದ.

ಫೈನಲ್‌ಗೆ ಮತ್ತೆ ಏಳು-ಒಂದು. ಈ ಸಲ ಆ ಒಬ್ಬ ಬ್ಯಾಕ್ ವಿಲ್ಲಿ ಲ ರೂ. ಅಂದರೆ ಬೆಂಚಿನಲ್ಲಿ ಇನ್ನೊಬ್ಬ ಸ್ಕ್ರಮ್-ಹಾಫ್ ಇಲ್ಲ! ಆಟದಲ್ಲಿ ಚೆಂಡನ್ನು ಎಲ್ಲರಿಗಿಂತ ಹೆಚ್ಚು ಸಲ ಮುಟ್ಟುವ ಜಾಗ ಅದು. ಡಿ ಕ್ಲರ್ಕ್‌ಗೆ ಏನಾದರೂ ಆದರೆ ಬೇರೆ ಜಾಗದವರು ಯಾರಾದರೂ ನಿಭಾಯಿಸಬೇಕು. ಎಲ್ಲರ ಕಣ್ಣೂ ಡಿ ಕ್ಲರ್ಕ್ ಮೇಲೆ. ಏಟು ಬಿದ್ದದ್ದು ಎಂಬೊನಾಂಬಿಗೆ.

ಫೌರಿ ಆ ರಾತ್ರಿ ಮಾಡಿದ್ದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಸ್ಕ್ರಮ್‌ನಲ್ಲಿ ಕುಸಿಯಲಿಲ್ಲ. ಓಡಿದರು, ಕೆಡವಿದರು, ಮತ್ತೆ ಎದ್ದರು. ಲೈನ್‌ಔಟ್ ಮಾತ್ರ ಕೈಕೊಟ್ಟಿತು. ಚೆಂಡು ತಪ್ಪಿದಾಗಲೆಲ್ಲ ನ್ಯೂಜಿಲೆಂಡಿಗೆ ಉಸಿರು. ಅಂಚಿನಲ್ಲಿ ಚೆಂಡನ್ನು ಅಂಗಿಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ, ಅವರು ಒಂದು ಕ್ಷಣ ಹೆಚ್ಚೇ ನಿಲ್ಲುತ್ತಿದ್ದರು. ಆ ಒಂದು ಕ್ಷಣದಲ್ಲಿ ಎದುರು ಸಾಲು ನೆಗೆಯಲು ಸಿದ್ಧವಾಗಿರುತ್ತಿತ್ತು. ಅಪ್ಪಟ ಹೂಕರ್ ಒಬ್ಬ ಇದ್ದಿದ್ದರೆ ಅಷ್ಟು ಒದ್ದಾಟ ಇರುತ್ತಿರಲಿಲ್ಲ ಅನ್ನುವುದು ಕುರುಡನಿಗೂ ಕಾಣುತ್ತಿತ್ತು.

ಅತ್ತ ಪೊಲಾರ್ಡ್ ಮೊದಲಾರ್ಧದಲ್ಲೇ ನಾಲ್ಕು ಪೆನಾಲ್ಟಿ ಒದ್ದರು. ನಾಲ್ಕಕ್ಕೆ ನಾಲ್ಕು, 12 ಪಾಯಿಂಟ್. ದಕ್ಷಿಣ ಆಫ್ರಿಕಾದ ಒಟ್ಟು ಮೊತ್ತವೂ ಅಷ್ಟೇ. ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್‌ಗೆ ಕೆಂಪು ಕಾರ್ಡು, ಪುರುಷರ ವಿಶ್ವಕಪ್ ಫೈನಲ್‌ನಲ್ಲಿ ಮೊದಲನೆಯದು. ಹದಿನಾಲ್ಕು ಜನರಲ್ಲೂ ಅವರು ಬ್ಯೂಡನ್ ಬ್ಯಾರೆಟ್ ಅವರ ಟ್ರೈ ಗಳಿಸಿ 12-11ಕ್ಕೆ ತಂದರು. ಟ್ರೈ ನಂತರ ಸಿಗುವ ಒದೆ, ಅಂದರೆ ಕನ್ವರ್ಷನ್, ತಪ್ಪಿತು. ಕೊನೆಯಲ್ಲಿ ಜೋರ್ಡಿ ಬ್ಯಾರೆಟ್ ದೂರದಿಂದ ಒದ್ದ ಪೆನಾಲ್ಟಿಯೂ ಕಂಬದ ಹೊರಗೆ ಹೋಯಿತು. ದಕ್ಷಿಣ ಆಫ್ರಿಕಾದ ಪೀಟರ್-ಸ್ಟೆಫ್ ಡು ಟೊಯ್ 28 ಟ್ಯಾಕಲ್ ಮಾಡಿದ್ದರು, ಅಂದರೆ ಅಷ್ಟು ಸಲ ಎದುರಾಳಿಯನ್ನು ಹಿಡಿದು ಕೆಡವಿದ್ದರು. ಅವರಿಲ್ಲದಿದ್ದರೆ ಈ ಬರಹದ ತಲೆಬರಹ ಬೇರೆ ಇರುತ್ತಿತ್ತು.

ನನ್ನ ತಕರಾರು ಇರುವುದು ಇಲ್ಲೇ. ಮರುದಿನ ಎಲ್ಲ ಕಡೆ ಎರಾಸ್ಮಸ್ ಜೀನಿಯಸ್. ಗೆದ್ದೆತ್ತಿನ ಬಾಲ ಹಿಡಿಯಲು ಜನಕ್ಕೇನು ಬರವೇ. ಜೋರ್ಡಿಯ ಒದೆ ಒಳಗೆ ಬಿದ್ದಿದ್ದರೆ ಅದೇ ಜನ, ಅದೇ ಪೆನ್ನಿನಲ್ಲಿ, ಹೂಕರ್ ಇಲ್ಲದೆ ಫೈನಲ್ ಆಡಿದ ಮೂರ್ಖರು ಅಂತ ಬರೆಯುತ್ತಿದ್ದರು. ನಿಜ ಅಂದರೆ ತೀರ್ಮಾನ ಒಂದೇ. ಮಾರ್ಕ್ಸ್ ಜಾಗಕ್ಕೆ ಪೊಲಾರ್ಡ್. ಹನ್ನೆರಡು ಪಾಯಿಂಟ್ ಕೊಟ್ಟದ್ದೂ ಅದೇ, ಲೈನ್‌ಔಟ್ ಕಿತ್ತುಕೊಂಡದ್ದೂ ಅದೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಸಾಡಲು ಬರುವುದಿಲ್ಲ. ಆ ತೀರ್ಮಾನ ಸರಿಯಾಗಿತ್ತು ಅನ್ನುವುದು ನನ್ನ ಅಭಿಪ್ರಾಯ. ಕಾರಣ ಕಪ್ ಸಿಕ್ಕಿತು ಅಂತ ಅಲ್ಲ. ಎಂಬೊನಾಂಬಿ ಉಳಿಯಬಹುದು ಅನ್ನುವ ಸಾಧ್ಯತೆ ಜಾಸ್ತಿ ಇತ್ತು, ಲಿಬ್ಬೊಕ್ ಒದೆ ತಪ್ಪಬಹುದು ಅನ್ನುವುದು ಆಮೇಲೆ ಐರ್ಲೆಂಡ್ ಎದುರು ಕಣ್ಣಾರೆ ಕಂಡಿತು. ಆಗಬಹುದಾದ ಗಾಯಕ್ಕಿಂತ ಆಗುತ್ತಲೇ ಇರುವ ತೊಂದರೆಗೆ ಮದ್ದು ತಂದರು.

ಹೀಗೆ ನೋಡಿದರೆ ಇದರಲ್ಲಿ ಹುಚ್ಚು ಸಾಹಸ ಕಡಿಮೆ, ಜಿಪುಣನ ಲೆಕ್ಕಾಚಾರವೇ ಜಾಸ್ತಿ.

ಉಳಿದವರು ಸುಮ್ಮನೆ ಕೂರಲಿಲ್ಲ. 2025ರ ಮಾರ್ಚ್‌ನಲ್ಲಿ ಫ್ರಾನ್ಸ್ ಡಬ್ಲಿನ್‌ಗೆ ಏಳು-ಒಂದು ಹೊತ್ತುಕೊಂಡು ಹೋಯಿತು. ಕೋಚ್ ಫಾಬಿಯನ್ ಗಾಲ್ತಿಯೆ. ಎಲ್ಲರೂ ಹೆದರುವುದು ಯಾವುದಕ್ಕೋ ಅದೇ ಆಯಿತು. ಮೊದಲಾರ್ಧದಲ್ಲೇ ಆಂತ್ವಾನ್ ದ್ಯುಪೊಂ ಅವರ ಮಂಡಿ ಹೋಯಿತು. ಜಗತ್ತಿನ ಅತ್ಯುತ್ತಮ ಸ್ಕ್ರಮ್-ಹಾಫ್. ಬೆಂಚಿನ ಒಬ್ಬನೇ ಬ್ಯಾಕ್ ಮ್ಯಾಕ್ಸಿಂ ಲ್ಯುಕು ಬಂದರು. ಆಮೇಲೆ ಇನ್ನೊಬ್ಬ ಬ್ಯಾಕ್, ಪಿಯೇರ್-ಲೂಯಿ ಬರಾಸಿ ಕೂಡ ಗಾಯಗೊಂಡು ಹೊರಗೆ. ಕೊಡಲು ಬ್ಯಾಕ್ ಇಲ್ಲ. ಒಸ್ಕಾರ್ ಜೆಗು ಎಂಬ ಫ್ಲ್ಯಾಂಕರ್‌ನನ್ನು ಬ್ಯಾಕ್‌ಗಳ ನಡುವಿನ ಸೆಂಟರ್ ಜಾಗದಲ್ಲಿ ನಿಲ್ಲಿಸಿದರು. ಮುಗಿಯಿತು ಕಥೆ ಅಂದುಕೊಂಡೆವು. ಫ್ರಾನ್ಸ್ 42-27ರಿಂದ ಗೆದ್ದಿತು. ಸಿಕ್ಸ್ ನೇಷನ್ಸ್ ಟೂರ್ನಿಯ ಎಲ್ಲ ಪಂದ್ಯ ಗೆಲ್ಲುವ, ಐರ್ಲೆಂಡಿನ ಗ್ರ್ಯಾಂಡ್ ಸ್ಲ್ಯಾಮ್ ಕನಸು ಅವರ ಮನೆಯಂಗಳದಲ್ಲೇ ಒಡೆಯಿತು.

ಜೆಗು ಅಂದು ತುರ್ತಿಗೆ ಮಾಡಿದ್ದನ್ನು ಎರಾಸ್ಮಸ್ ಅದೇ ವರ್ಷ ಯೋಜನೆ ಮಾಡಿಕೊಂಡೇ ಮಾಡಿಸಿದರು, ಅದೂ ಉಲ್ಟಾ ದಿಕ್ಕಿನಲ್ಲಿ. ಆಂದ್ರೆ ಎಸ್ಟರ್‌ಹೈಜನ್ ಸೆಂಟರ್, ಅಂದರೆ ಬ್ಯಾಕ್. ಮೈಕಟ್ಟು ಮಾತ್ರ ಫಾರ್ವರ್ಡ್‌ನದು. ಅವರನ್ನು ಫ್ಲ್ಯಾಂಕರ್ ಆಗಿಯೂ ಆಡಿಸತೊಡಗಿದರು. ಜುಲೈನಲ್ಲಿ ಇಟಲಿ ಎದುರು ಆಟ ಶುರುವಾಗುವ ಒದೆಯನ್ನೇ ಬೇಕಂತಲೇ ಗಿಡ್ಡವಾಗಿ ಒದ್ದರು. ನಿಯಮ ತಪ್ಪಿ ಸ್ಕ್ರಮ್ ಸಿಗಲಿ ಅಂತ! ಮೊದಲ ಕ್ಷಣದಿಂದಲೇ ತಳ್ಳಾಟ ಬೇಕಿತ್ತು ಅವರಿಗೆ. ಕಾಮೆಂಟರಿ ಹೇಳುವವರಿಗೆ ಏನಾಗುತ್ತಿದೆ ಅಂತಲೇ ತಿಳಿಯಲಿಲ್ಲ. 45-0. ನನಗೆ ಆ ಒದೆ ಇಷ್ಟವಾಗಲಿಲ್ಲ. ಇಟಲಿಯಂಥ ತಂಡದ ಮೇಲೆ ಅದೇನು ಅಗತ್ಯ ಅನ್ನಿಸಿತು. ಜಾಣತನವೂ ಕೆಲವೊಮ್ಮೆ ಶೋಕಿಯಾಗುತ್ತದೆ.

ನವೆಂಬರ್‌ನ ತೀರ್ಮಾನ ಬೇರೆ ಜಾತಿಯದು. ಮತ್ತೆ ಪ್ಯಾರಿಸ್, ಫ್ರಾನ್ಸ್ ಎದುರು. ಕೊಲಿಸಿಯ ನೂರನೇ ಟೆಸ್ಟ್. ವಿರಾಮಕ್ಕೆ ಸ್ವಲ್ಪ ಮುಂಚೆ ಲೂಡ್ ಡಿ ಯಾಗರ್‌ಗೆ ಕೆಂಪು ಕಾರ್ಡು. ಉಳಿದದ್ದು ಹದಿನಾಲ್ಕು ಜನ. ಎರಾಸ್ಮಸ್ ವಿರಾಮದಲ್ಲಿ ನಾಯಕನನ್ನೇ ಹೊರಗೆ ಕೂರಿಸಿದರು. ನೂರನೇ ಪಂದ್ಯ ಅರ್ಧಕ್ಕೇ ಮುಗಿಯಿತು. ಲಿಬ್ಬೊಕ್‌ಗೆ ಒಂದು ನ್ಯಾಯ, ಕೊಲಿಸಿಗೆ ಒಂದು ನ್ಯಾಯ ಅಂತ ಇರಲಿಲ್ಲ. ಹದಿನಾಲ್ಕು ಜನರಲ್ಲೇ 32-17ರಿಂದ ಗೆದ್ದರು.

ಈಗ ನನ್ನ ಕುತೂಹಲ ಇರುವುದು ಎಸ್ಟರ್‌ಹೈಜನ್ ಥರದವರ ಮೇಲೆ. ಇಂಥವರು ಇನ್ನೂ ಇಬ್ಬರು ಮೂವರು ತಯಾರಾದರೆ ಆರು-ಎರಡು, ಏಳು-ಒಂದು ಅನ್ನುವ ಎಣಿಕೆಗೇ ಅರ್ಥ ಇರುವುದಿಲ್ಲ. ಪಂದ್ಯಕ್ಕೆ ಎರಡು ದಿನ ಮುಂಚೆ ತಂಡದ ಪಟ್ಟಿ ಬರುತ್ತದೆ. ಎದುರಾಳಿ ಕೋಚ್ ಅದನ್ನು ಮುಂದಿಟ್ಟುಕೊಂಡು ಕೂರುತ್ತಾನೆ. 20ನೇ ನಂಬರಿನ ಅಂಗಿ ತೊಟ್ಟವನು ಬಂದು ಸ್ಕ್ರಮ್‌ಗೆ ತಲೆ ಕೊಡುತ್ತಾನೋ, ನಡುಮೈದಾನದಲ್ಲಿ ಚೆಂಡು ಹಿಡಿದು ನುಗ್ಗುತ್ತಾನೋ ಅನ್ನುವುದು ಆ ಪಟ್ಟಿಯಲ್ಲಿ ಇರುವುದಿಲ್ಲ.